ಅಪ್ಪ ಹೇಳದೆ ಉಳಿಸಿಕೊಂಡ ಕತೆ

ಹೀಥ್ರೋ ವಿಮಾನ ನಿಲ್ದಾಣಕ್ಕೆ ಹತ್ತಿರದ ಹೌನ್ಸ್‌ಲೋದಲ್ಲಿ ಭಾಮ್ರಾ ಕುಟುಂಬದ ಮನೆ. ಹಜಾರದ ಗೋಡೆಯಲ್ಲಿ ಗುರುನಾನಕರ ದೊಡ್ಡ ಪಟ. ಮನೆಯಾಕೆ ಆಗಾಗ ಆ ಪಟದ ಎದುರು ನಿಂತು ಕಷ್ಟಸುಖ ಹೇಳಿಕೊಳ್ಳುತ್ತಾಳೆ. ದೊಡ್ಡ ಮಗಳ ಮದುವೆಯ ಗಡಿಬಿಡಿ ಒಂದು ಕಡೆ. ಚಿಕ್ಕವಳು ಜೆಸ್‌ಗೆ ಫುಟ್‌ಬಾಲ್ ಹುಚ್ಚು ಇನ್ನೊಂದು ಕಡೆ. ಅರ್ಧ ಚಡ್ಡಿ ಹಾಕಿಕೊಂಡು ಊರ ಮುಂದೆ ಓಡುವವಳನ್ನು ಯಾರು ಮದುವೆಯಾಗುತ್ತಾರೆ, ಮೊದಲು ನೆಟ್ಟಗೆ ಆಲೂ ಗೋಬಿ ಮಾಡುವುದನ್ನು ಕಲಿ ಎಂಬುದು ತಾಯಿಯ ರಾಗ. ಗುರಿಂದರ್ ಚಡ್ಡಾ 2002ರಲ್ಲಿ ಮಾಡಿದ 'ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್' ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಾದ ಸಿನಿಮಾ. ಆದರೆ ನಡುವೆ ಒಂದು ದೃಶ್ಯ ಬರುತ್ತದೆ. ಹುಡುಗಿಯನ್ನು ಆಡಲು ಬಿಡಿ ಎಂದು ಕೇಳಲು ಕೋಚ್ ಮನೆಗೇ ಬಂದಿದ್ದಾನೆ. ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದ ಅಪ್ಪ ಬಾಯಿ ಬಿಡುತ್ತಾನೆ. ನೈರೋಬಿಯಲ್ಲಿದ್ದಾಗ ಅವನು ಹೆಸರು ಮಾಡಿದ್ದ ವೇಗದ ಬೌಲರ್. ಇಂಗ್ಲೆಂಡಿಗೆ ಬಂದ ಮೇಲೆ ಕ್ಲಬ್ಬಿನ ಬಿಳಿಯರು ಅವನ ಪೇಟ ನೋಡಿ ನಕ್ಕರು, ಹೊರಗಟ್ಟಿದರು. ಆಮೇಲೆ ಅವನು ಆಡಲೇ ಇಲ್ಲ.

ಅನುಪಮ್ ಖೇರ್ ಈ ಮಾತುಗಳನ್ನು ದನಿಯೇರಿಸದೆ ಆಡುತ್ತಾರೆ. ಅವರ ಇಡೀ ವೃತ್ತಿಜೀವನದ ಒಳ್ಳೆಯ ಕೆಲವು ನಿಮಿಷಗಳಲ್ಲಿ ಇದೂ ಒಂದು ಎಂದು ನನಗೆ ಅನ್ನಿಸುತ್ತದೆ. ಆ ಮನೆಯಲ್ಲಿ ಅಷ್ಟು ದಿನ 'ನಮ್ಮ ಸಂಸ್ಕೃತಿ' ಎಂದು ಓಡಾಡಿಕೊಂಡಿದ್ದ ವಸ್ತು ಒಂದು ಹಳೆಯ ಅವಮಾನ ಎಂಬುದು ಅಲ್ಲಿ ಬಯಲಾಗುತ್ತದೆ. ಮಗಳನ್ನು ತಡೆಯುತ್ತಿದ್ದದ್ದು ಗುರುನಾನಕರೂ ಅಲ್ಲ, ಪಂಜಾಬೂ ಅಲ್ಲ; ಯಾವುದೋ ಕ್ರಿಕೆಟ್ ಕ್ಲಬ್ಬಿನ ಬಾಗಿಲಲ್ಲಿ ನಿಂತು ಹಿಂದೆ ತಿರುಗಿದ ಒಬ್ಬ ಯುವಕ.

ಅನಿವಾಸಿ ಭಾರತೀಯರ ಬದುಕಿನ ಸಿನಿಮಾಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ಸಂಸ್ಕೃತಿಗಳ ತಿಕ್ಕಾಟ, ಎರಡು ತಲೆಮಾರುಗಳ ಅಂತರ ಎಂದು ಬರೆಯುತ್ತಾರೆ. ಸಮೋಸ ಈ ಕಡೆ, ಬರ್ಗರ್ ಆ ಕಡೆ. ನನಗೆ ಆ ಲೆಕ್ಕ ಹಿಡಿಸುವುದಿಲ್ಲ. ಈ ಬಗೆಯ ಸಿನಿಮಾಗಳಲ್ಲಿ ಮತ್ತೆ ಮತ್ತೆ ನೋಡಬೇಕೆನಿಸುವ ಮೂರ್ನಾಲ್ಕನ್ನು ಎತ್ತಿಕೊಂಡರೆ, ಪ್ರತಿಯೊಂದರಲ್ಲೂ ಮಕ್ಕಳಿಗೆ ಹೇಳದೆ ಹಿರಿಯರು ನುಂಗಿಕೊಂಡ ಒಂದು ಕತೆ ಇರುತ್ತದೆ. ಮನೆಯ ಕಟ್ಟುಕಟ್ಟಳೆಗಳೆಲ್ಲ ಆ ಕತೆಯ ಸುತ್ತ ಎಬ್ಬಿಸಿದ ಗೋಡೆ. ಆ ಕತೆ ಹೊರಬಿದ್ದ ಕ್ಷಣಕ್ಕೆ ಸಿನಿಮಾ ತಿರುಗುತ್ತದೆ.

ಭಾಮ್ರಾ ಕುಟುಂಬ ಪಂಜಾಬಿನಿಂದ ನೇರ ಲಂಡನ್ನಿಗೆ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. 1896ರಿಂದ 1901ರವರೆಗೆ ಬ್ರಿಟಿಷರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ದಂಡೆಯವರೆಗೆ ರೈಲುಹಳಿ ಹಾಕಿಸಿದಾಗ ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಹಡಗಿನಲ್ಲಿ ಸಾಗಿಸಿದ್ದರು. ಅವರಲ್ಲಿ ಬಹುಪಾಲು ಪಂಜಾಬಿಗಳು. ಹೆಚ್ಚಿನವರು ಹಿಂತಿರುಗಿದರು, ಸಾವಿರಾರು ಮಂದಿ ಅಲ್ಲೇ ನಿಂತರು. ಗುಜರಾತಿನ ವ್ಯಾಪಾರಿಗಳು, ಗುಮಾಸ್ತರು, ವಕೀಲರು ಬೆನ್ನಿಗೇ ಬಂದು ಸೇರಿದರು. ಪೂರ್ವ ಆಫ್ರಿಕಾದ ದೇಶಗಳು ಸ್ವತಂತ್ರವಾದ ಮೇಲೆ ಇವರ ಕಾಲ ಕೆಳಗಿನ ನೆಲ ಸರಿಯಿತು. ಕೀನ್ಯಾದ ಭಾರತೀಯರು ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಲಂಡನ್ನಿಗೆ ಹೊರಟದ್ದೇ ತಡ, 1968ರಲ್ಲಿ ಬ್ರಿಟನ್ ತರಾತುರಿಯಲ್ಲಿ ಕಾನೂನು ಮಾಡಿ ಬಾಗಿಲನ್ನು ಮುಕ್ಕಾಲು ಮುಚ್ಚಿತು. ಚಡ್ಡಾ ಹುಟ್ಟಿದ್ದು ನೈರೋಬಿಯಲ್ಲಿ, ಬೆಳೆದದ್ದು ಲಂಡನ್ನಿನ ಸೌತಾಲ್‌ನಲ್ಲಿ. ಹೀಗೆ ಎರಡು ಸಲ ಬೇರು ಕಿತ್ತು ನೆಟ್ಟವರ ಮನೆಯಲ್ಲಿ 'ಊರು' ಎಂದರೆ ಯಾವುದು? ತಾತನ ಪಂಜಾಬೋ, ಅಪ್ಪನ ನೈರೋಬಿಯೋ?

ಈ ಪ್ರಶ್ನೆಯನ್ನು ಮೀರಾ ನಾಯರ್ ಅವರಷ್ಟು ನಿಷ್ಠುರವಾಗಿ ಕೇಳಿದವರು ಕಡಿಮೆ. 1991ರ 'ಮಿಸಿಸಿಪ್ಪಿ ಮಸಾಲಾ' ಶುರುವಾಗುವುದು 1972ರ ಕಂಪಾಲದಲ್ಲಿ. ಏಷ್ಯನ್ನರೆಲ್ಲ 90 ದಿನದೊಳಗೆ ಉಗಾಂಡ ಬಿಟ್ಟು ಹೊರಡಬೇಕು ಎಂದು ಇದಿ ಅಮೀನ್ ಅಪ್ಪಣೆ ಮಾಡಿದ್ದಾನೆ. ವಕೀಲ ಜಯ್ (ರೋಶನ್ ಸೇಠ್) ಅಲ್ಲೇ ಹುಟ್ಟಿದವನು. ತಾನು ಮೊದಲು ಉಗಾಂಡದವನು, ಆಮೇಲೆ ಭಾರತೀಯ ಎಂದು ನಂಬಿದವನು. ಬಾಲ್ಯದ ಗೆಳೆಯ ಒಕೆಲೊ ಅವನನ್ನು ಜೈಲಿನಿಂದ ಬಿಡಿಸಿಕೊಂಡು ಬರುತ್ತಾನೆ, ಆದರೆ ಇನ್ನು ಮುಂದೆ ಆಫ್ರಿಕಾ ಕರಿಯರದ್ದು ಮಾತ್ರ, ನೀನು ಹೊರಡುವುದೇ ಒಳ್ಳೆಯದು ಎನ್ನುತ್ತಾನೆ. ಈ ಮಾತು ಅಮೀನನ ಅಪ್ಪಣೆಗಿಂತ ಆಳಕ್ಕೆ ಇಳಿಯುತ್ತದೆ. ಜಯ್ ಗೆಳೆಯನಿಗೆ ಒಂದು ವಿದಾಯವನ್ನೂ ಹೇಳದೆ ಹೆಂಡತಿ ಕಿನ್ನು ಮತ್ತು ಪುಟ್ಟ ಮಗಳು ಮೀನಾಳೊಂದಿಗೆ ಹೊರಟುಬಿಡುತ್ತಾನೆ.

ಮುಂದಿನದು ಸುಮಾರು ಎರಡು ದಶಕದ ನಂತರ, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಗ್ರೀನ್‌ವುಡ್ ಎಂಬ ಊರಿನಲ್ಲಿ. ಹೆದ್ದಾರಿ ಬದಿಯ ಮೋಟೆಲ್ಲುಗಳನ್ನು ಗುಜರಾತಿಗಳು ಒಂದೊಂದಾಗಿ ಕೊಂಡುಕೊಳ್ಳುತ್ತಿದ್ದ ಕಾಲ ಅದು. ಮೋಟೆಲ್ ಅವರಿಗೆ ಒಗ್ಗಿದ್ದಕ್ಕೆ ಕಾರಣ ಸರಳ: ಅಲ್ಲೇ ವಾಸ, ಅಲ್ಲೇ ದುಡಿಮೆ, ಮನೆಮಂದಿಯೆಲ್ಲ ಸೇರಿ ಹಾಸಿಗೆ ಮಡಚಿ, ಶೌಚಾಲಯ ತೊಳೆದರೆ ಕೂಲಿ ಉಳಿಯಿತು, ಮುಂಗಡದ ಹಣಕ್ಕೆ ನೆಂಟರಿಷ್ಟರ ಕೈಗಡ. ಸಿನಿಮಾದಲ್ಲಿ ವಕೀಲ ಜಯ್ ಅಂಥ ಒಬ್ಬ ನೆಂಟನ ಮೋಟೆಲ್ಲಿನಲ್ಲಿ ತಳವೂರಿದ್ದಾನೆ. ಶರ್ಮಿಳಾ ಟ್ಯಾಗೋರ್ ಅಭಿನಯಿಸಿದ ಕಿನ್ನು ಒಂದು ಹೆಂಡದಂಗಡಿ ನಡೆಸುತ್ತಾಳೆ. ಮೀನಾ ಮೋಟೆಲ್ಲಿನ ಕೋಣೆಗಳನ್ನು ಗುಡಿಸಿ ತೊಳೆಯುತ್ತಾಳೆ. ಜಯ್ ಮಾತ್ರ ಕಂಪಾಲದಲ್ಲಿ ಕಳೆದುಕೊಂಡ ಮನೆಗಾಗಿ ಉಗಾಂಡ ಸರ್ಕಾರಕ್ಕೆ ಪತ್ರ ಬರೆಯುತ್ತ ಕೂತಿದ್ದಾನೆ.

ಮೀನಾ ಓಡಿಸುತ್ತಿದ್ದ ಕಾರು ಡಿಮಿಟ್ರಿಯಸ್ ಎಂಬ ಕಪ್ಪು ಯುವಕನ ವ್ಯಾನಿಗೆ ಹಿಂದಿನಿಂದ ಗುದ್ದುತ್ತದೆ. ಡೆಂಜೆಲ್ ವಾಷಿಂಗ್ಟನ್ ಮಾಡಿದ ಪಾತ್ರ ಅದು. ಅವನ ಕಸುಬು ರತ್ನಗಂಬಳಿ ತೊಳೆಯುವುದು. ಎಲ್ಲಿ ನಷ್ಟಕ್ಕೆ ದಾವೆ ಹೂಡುತ್ತಾನೋ ಎಂದು ಗುಜರಾತಿ ಹಿರಿಯರು ಅವನ ಹತ್ತಿರ ನಯವಾಗಿ ಮಾತಾಡುತ್ತಾರೆ: ಬಿಳಿಯರಲ್ಲದವರೆಲ್ಲ ಒಂದೇ ಅಲ್ಲವೇನಪ್ಪ, ನಾವು ನಾವು ಒಟ್ಟಿಗಿರಬೇಕು ಎಂಬ ಧಾಟಿ. ಅದೇ ಡಿಮಿಟ್ರಿಯಸ್‌ನ ಜೊತೆ ತಮ್ಮ ಹುಡುಗಿ ಸಿಕ್ಕಿಬಿದ್ದಾಗ ಆ ಒಗ್ಗಟ್ಟು ಎಲ್ಲಿ ಹೋಯಿತೋ! ಒಂದು ಫೋನಿನಿಂದ ಇನ್ನೊಂದು ಫೋನಿಗೆ ಸುದ್ದಿ ಹಾರುತ್ತದೆ, ಮೋಟೆಲ್ ಮಾಲೀಕರು ಅವನಿಗೆ ಕೊಟ್ಟ ಕೆಲಸ ಹಿಂತೆಗೆದುಕೊಳ್ಳುತ್ತಾರೆ, ಬ್ಯಾಂಕು ಸಾಲದ ಮಾತೆತ್ತುತ್ತದೆ. ಬೆಳ್ಳಗಿದ್ದರೆ ಬೆಲೆ, ಕಪ್ಪಗಿದ್ದರೆ ಕಷ್ಟ ಎಂಬ ನಮ್ಮ ಹೆಣ್ಣು ನೋಡುವ ಶಾಸ್ತ್ರದ ಗಣಿತವನ್ನು ಇವರು ಗುಜರಾತಿನಿಂದ ಕಂಪಾಲಕ್ಕೂ ಅಲ್ಲಿಂದ ಮಿಸಿಸಿಪ್ಪಿಗೂ ಜತನವಾಗಿ ಹೊತ್ತು ತಂದಿದ್ದಾರೆ. ಬೇರೆ ಬೇರೆ ಜನಾಂಗದವರು ಮದುವೆಯಾಗಬಾರದೆಂಬ ನಿಷೇಧ ಮಿಸಿಸಿಪ್ಪಿ ರಾಜ್ಯದ ಸಂವಿಧಾನದಲ್ಲಿ 1987ರವರೆಗೂ ಬರಹದಲ್ಲಿ ಉಳಿದಿತ್ತು. ಸುಪ್ರೀಂ ಕೋರ್ಟು 1967ರಲ್ಲೇ ಅಂಥ ಕಾನೂನುಗಳ ಹಲ್ಲು ಕಿತ್ತಿತ್ತು ನಿಜ, ಆದರೆ ಕಾಗದದಿಂದ ಅಳಿಸಲು ಮತ ಹಾಕಿಸಬೇಕಾಯಿತು. ಸಿನಿಮಾ ಬಂದದ್ದು ಅದಾಗಿ ನಾಲ್ಕೇ ವರ್ಷಕ್ಕೆ. ಊರಿನ ಬಿಳಿಯರೂ ಗುಜರಾತಿ ಹಿರಿಯರೂ ಒಮ್ಮತಕ್ಕೆ ಬರುವ ಏಕೈಕ ವಿಷಯ ಇದು.

ಮಗಳು ಕೊನೆಗೆ ಅಪ್ಪನನ್ನು ತರಾಟೆಗೆ ತೆಗೆದುಕೊಳ್ಳುವುದು ಪ್ರೀತಿಯ ಹಕ್ಕಿನ ಬಗ್ಗೆ ಅಲ್ಲ, ಒಕೆಲೊನ ಬಗ್ಗೆ. ನಿನ್ನ ಜೀವ ಉಳಿಸಿದವನಿಗೆ ನೀನು ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ ಎಂದು ನೆನಪಿಸುತ್ತಾಳೆ. ಜಯ್‌ಗೆ ಡಿಮಿಟ್ರಿಯಸ್‌ನ ಮುಖದಲ್ಲಿ ಇಷ್ಟು ದಿನ ಕಾಣುತ್ತಿದ್ದದ್ದು ಒಕೆಲೊನೇ. ಕಳೆದುಕೊಂಡ ಮನೆಯ ದಾವೆಯ ನೆಪದಲ್ಲಿ ಅವನು ಕಂಪಾಲಕ್ಕೆ ಹೋಗಿ ನೋಡಿದರೆ ಮನೆ ಪಾಳುಬಿದ್ದಿದೆ, ಒಕೆಲೊ ಯಾವತ್ತೋ ಸತ್ತಿದ್ದಾನೆ. ಕ್ಷಮೆ ಕೇಳಬೇಕಾದವನೇ ಇಲ್ಲ.

ಇಲ್ಲಿ ಒಂದು ಉಪಕತೆ. ಈ ಸಿನಿಮಾದ ಸಿದ್ಧತೆಗೆ ಕಂಪಾಲಕ್ಕೆ ಹೋದಾಗ ನಾಯರ್ ಅವರಿಗೆ ಪರಿಚಯವಾದವರು ಮಹಮೂದ್ ಮಮ್ದಾನಿ. ಸ್ವತಃ 1972ರಲ್ಲಿ ದೇಶಭ್ರಷ್ಟರಾಗಿ ಆಮೇಲೆ ಉಗಾಂಡಕ್ಕೆ ಮರಳಿದ ವಿದ್ವಾಂಸರು. ಇಬ್ಬರೂ ಮದುವೆಯಾದರು. ಸಿನಿಮಾ ಬಂದ ವರ್ಷವೇ ಕಂಪಾಲದಲ್ಲಿ ಹುಟ್ಟಿದ ಅವರ ಮಗ ಜೊಹ್ರಾನ್ 2025ರ ನವೆಂಬರಿನಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಆಗಿ ಆಯ್ಕೆಯಾದರು. ಕತೆಗಾರ್ತಿ ಸೂನಿ ತಾರಾಪೊರೆವಾಲಾ ಇದನ್ನು ಚಿತ್ರಕತೆಯಲ್ಲಿ ಬರೆದಿದ್ದರೆ ಅತಿಯಾಯಿತು ಎಂದು ನಾವೇ ಅನ್ನುತ್ತಿದ್ದೆವು.

ಇದೇ ಹೊತ್ತಿಗೆ ಮುಂಬೈ ಸಿನಿಮಾ ಪರದೇಶದ ಭಾರತೀಯನನ್ನು ಹೇಗೆ ನೋಡುತ್ತಿತ್ತು? 1970ರ 'ಪೂರಬ್ ಔರ್ ಪಶ್ಚಿಮ್'ನಲ್ಲಿ ಅವನು ಕೆಟ್ಟುಹೋದವನು. ಹೊಂಬಣ್ಣದ ಕೂದಲಿನ, ಸಿಗರೇಟು ಸೇದುವ ಸಾಯಿರಾ ಬಾನು ಭಾರತದ ನೆಲ ಮುಟ್ಟಿದರೆ ಸೀರೆಯುಟ್ಟು ಸರಿಹೋಗುತ್ತಾಳೆ. 1995ರ ಹೊತ್ತಿಗೆ ಅನಿವಾಸಿಯ ಜೇಬು ತುಂಬಿತ್ತು, ಹೊರದೇಶದ ಟಿಕೆಟ್ ಹಣ ನಿರ್ಮಾಪಕರ ಕಣ್ಣಿಗೆ ಬಿದ್ದಿತ್ತು. 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ'ಯ ಬಲದೇವ್ ಸಿಂಗ್ ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತ ಪಂಜಾಬನ್ನು ನೆನೆಯುತ್ತಾನೆ. ಅಮ್ರೀಶ್ ಪುರಿಯ ಆ ಮುಖದಲ್ಲಿ ಏನೋ ದೊಡ್ಡ ನೋವಿದೆ. ಇಷ್ಟು ವರ್ಷ ಅಂಗಡಿ ನಡೆಸಿದ ಊರಿನಲ್ಲಿ ಇವನಿಗೆ ಏನಾಯಿತು, ಯಾರು ಏನಂದರು ಎಂದು ಸಿನಿಮಾ ಕೇಳುವುದೇ ಇಲ್ಲ. ಕೇಳಬೇಕಾದ ಅಗತ್ಯವೂ ಅದಕ್ಕಿಲ್ಲ, ಏಕೆಂದರೆ ಸಾಸಿವೆ ಹೊಲ ಅವನಿಗಾಗಿ ಅಲ್ಲೇ ಕಾದಿದೆ, ಹಾಗೇ, ಹಳದಿಯಾಗಿ. ಜಯ್‌ಗೆ ಪಾಳುಮನೆ ಸಿಕ್ಕಿತು, ಬಲದೇವ್‌ಗೆ ಹಾಡು ಸಿಕ್ಕಿತು. ನಾನೂ ಆ ಹಾಡುಗಳನ್ನು ಗುನುಗಿದವನೇ. ಅದು ಬೇರೆ ಮಾತು.

ಹಾಗೇ ಕಾದಿರುವ ಆ ಭಾರತವನ್ನು ಚಡ್ಡಾ 1993ರಲ್ಲೇ ಗೇಲಿ ಮಾಡಿದ್ದರು. ಮೀರಾ ಸ್ಯಾಲ್ ಬರೆದ 'ಭಾಜಿ ಆನ್ ದ ಬೀಚ್'ನಲ್ಲಿ ಬರ್ಮಿಂಗ್‌ಹ್ಯಾಮಿನ ಭಾರತೀಯ ಹೆಂಗಸರು ಒಂದು ದಿನದ ಮಟ್ಟಿಗೆ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೊರಡುತ್ತಾರೆ. ಗಂಡನ ಹೊಡೆತ ತಾಳದೆ ಮನೆ ಬಿಟ್ಟವಳೊಬ್ಬಳು, ಕಪ್ಪು ಗೆಳೆಯನಿಂದ ಬಸುರಾದ ವಿದ್ಯಾರ್ಥಿನಿಯೊಬ್ಬಳು, ಕಾಲ ಕೆಟ್ಟಿತು ಎಂದು ವಟಗುಟ್ಟುವ ಹಿರಿಯರು. ಜೊತೆಗೆ ಬೊಂಬಾಯಿಯಿಂದ ಬಂದ ರೇಖಾ ಎಂಬ ನೆಂಟಳು. ಭಾರತದಿಂದ ಬಂದವಳು ಸೆರಗು ಹೊದ್ದಿರುತ್ತಾಳೆ ಎಂದುಕೊಂಡರೆ ಅವಳು ಥಳಕು ಪಾಶ್ಚಾತ್ಯ ಉಡುಪಿನಲ್ಲಿ ಬಂದಿಳಿದಿದ್ದಾಳೆ! ನೀವು ಹಿಡಿದುಕೊಂಡು ಕೂತಿರುವ ಭಾರತ ಅಲ್ಲಿ ಈಗ ಇಲ್ಲ ಎಂಬುದನ್ನು ಅವಳು ಅಲ್ಲಿನ ಹಿರಿಯ ಹೆಂಗಸರಿಗೆ ಮುಲಾಜಿಲ್ಲದೆ ತಿಳಿಸುತ್ತಾಳೆ. ವಲಸೆ ಹೋದವರು ತಾವು ವಿಮಾನ ಹತ್ತಿದ ವರ್ಷದಲ್ಲೇ ಊರನ್ನು ನಿಲ್ಲಿಸಿಬಿಟ್ಟಿರುತ್ತಾರೆ. ಆ ನಿಂತ ಊರಿಗೆ ಕಾವಲು ಕಾಯುವ ಕೆಲಸ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಮಗ ಬೆಳ್ಳಗಿನ ಹುಡುಗಿಯ ಜೊತೆ ಓಡಾಡಿದರೆ ವಯಸ್ಸಿನ ಆಟ. ಮಗಳು ಓಡಾಡಿದರೆ ನಾಲ್ಕು ಜನ ಏನಂದಾರು.

ಗಂಡಸರ ಮೌನವನ್ನು ಅದರ ಅತ್ಯಂತ ಕ್ರೂರ ರೂಪದಲ್ಲಿ ನೋಡಬೇಕೆಂದರೆ 'ಈಸ್ಟ್ ಈಸ್ ಈಸ್ಟ್' (1999) ನೋಡಬೇಕು. 1971ರ ಸಾಲ್‌ಫರ್ಡ್, ಮೀನು-ಆಲೂಗಡ್ಡೆ ಕರಿದು ಮಾರುವ ಅಂಗಡಿಯ ಪಾಕಿಸ್ತಾನಿ ಮಾಲೀಕ ಜಾರ್ಜ್ ಖಾನ್, ಇಂಗ್ಲಿಷ್ ಹೆಂಡತಿ, ಮನೆ ತುಂಬ ಮಕ್ಕಳು. ಓಂ ಪುರಿ ಅವನನ್ನು ನಗೆಗೂ ಭಯಕ್ಕೂ ನಡುವೆ ನಿಲ್ಲಿಸಿದ್ದಾರೆ. ಇಡೀ ಸಿನಿಮಾದಲ್ಲಿ ಅವನು ತನ್ನ ಕತೆ ಹೇಳುವುದಿಲ್ಲ, ಕೈ ಮಾತ್ರ ಎತ್ತುತ್ತಾನೆ.

ಮತ್ತೆ ನಾಯರ್ ಅವರಿಗೆ ಬರುತ್ತೇನೆ. ಅತ್ತೆಯನ್ನು ನ್ಯೂಯಾರ್ಕಿನಲ್ಲಿ ಕಳೆದುಕೊಂಡ ದುಃಖದಲ್ಲಿದ್ದಾಗ ಜುಂಪಾ ಲಾಹಿರಿಯವರ 'ದ ನೇಮ್‌ಸೇಕ್' ಕಾದಂಬರಿ ಓದಿದ್ದಾಗಿ ಅವರು ಹೇಳಿಕೊಂಡಿದ್ದಾರೆ. 2006ರ ಈ ಸಿನಿಮಾದಲ್ಲಿ ಶೋಕ ಪ್ರತಿ ಚೌಕಟ್ಟಿನಲ್ಲೂ ಇದೆ, ಅಳು ಮಾತ್ರ ಕಡಿಮೆ. ಕಲ್ಕತ್ತದ ಆಶಿಮಾ (ತಬು) ಹೆಣ್ಣು ನೋಡಲು ಬಂದವನ ಅಮೆರಿಕನ್ ಬೂಟುಗಳನ್ನು ಬಾಗಿಲ ಹೊರಗೆ ಕಂಡು, ಯಾರೂ ಇಲ್ಲದಾಗ ಅವುಗಳಲ್ಲಿ ಕಾಲಿಟ್ಟು ನೋಡುತ್ತಾಳೆ. ಮದುವೆಯಾಗಿ ನ್ಯೂಯಾರ್ಕಿನ ಚಳಿಗೆ ಬಂದವಳು ಅಲ್ಲಿನ ಅಕ್ಕಿಯ ಗರಿಗರಿ ಉಪಾಹಾರಕ್ಕೆ ಕಡಲೆಕಾಯಿಬೀಜ, ಖಾರದಪುಡಿ ಬೆರೆಸಿ ತಿನ್ನುತ್ತಾಳೆ. ನಮ್ಮ ಚುರುಮುರಿ ಪ್ರಿಯರಿಗೆ ಆ ದೃಶ್ಯ ವಿವರಿಸಬೇಕಿಲ್ಲ. ಲಾಂಡ್ರಿ ಯಂತ್ರಕ್ಕೆ ಉಣ್ಣೆ ಬಟ್ಟೆ ಹಾಕಿ ಅದು ಕುಗ್ಗಿ, ಗಂಡ ರೇಗಿದಾಗ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಅವನು ಬಾಗಿಲ ಹೊರಗೆ ನಿಂತು ಸಮಾಧಾನ ಮಾಡುವ ರೀತಿಯಲ್ಲೇ, ಪರಿಚಯವೇ ಇಲ್ಲದ ಇಬ್ಬರು ಪರದೇಶದಲ್ಲಿ ಗಂಡಹೆಂಡಿರಾಗುವುದು ಗೊತ್ತಾಗುತ್ತದೆ.

ಅಪ್ಪ ಅಶೋಕ್ (ಇರ್ಫಾನ್ ಖಾನ್) ಮಗನಿಗೆ ಗೊಗೊಲ್ ಎಂದು ಹೆಸರಿಟ್ಟಿದ್ದಾನೆ. ಮಗನಿಗೆ ಅದು ಶಾಲೆಯಲ್ಲಿ ನಗೆಪಾಟಲು. ಅವನು ಮುಂದೆ ಹೆಸರನ್ನೇ ಬದಲಿಸಿಕೊಳ್ಳುತ್ತಾನೆ. ಆ ಹೆಸರಿನ ಹಿಂದೆ ಒಂದು ರೈಲು ಅಪಘಾತವಿದೆ. ಹೆಣಗಳ ರಾಶಿಯ ನಡುವೆ ಬಿದ್ದಿದ್ದ ಅಶೋಕನ ಕೈಯಲ್ಲಿದ್ದ, ರಷ್ಯನ್ ಲೇಖಕ ಗೊಗೊಲ್‌ನ 'ಓವರ್‌ಕೋಟ್' ಕತೆಯ ಹಾಳೆ ಅಲುಗಿದ್ದನ್ನು ಕಂಡು ಅವನಲ್ಲಿ ಜೀವವಿದೆ ಎಂದು ಗುರುತಿಸಿದ್ದರು. ಹದಿಹರೆಯದ ಮಗನಿಗೆ ಆ ಪುಸ್ತಕ ಉಡುಗೊರೆ ಕೊಡುವಾಗ ಅಪ್ಪ ಹೇಳಲು ಹೊರಡುತ್ತಾನೆ, ಕೋಣೆಯಲ್ಲಿ ಅಬ್ಬರದ ಸಂಗೀತ, ಮಗನ ಗಮನ ಇನ್ನೆಲ್ಲೋ. ಅಪ್ಪ ಸುಮ್ಮನಾಗುತ್ತಾನೆ. ವರ್ಷಗಳ ನಂತರ ಕಾರಿನಲ್ಲಿ ಕೂತು ಕೊನೆಗೂ ಹೇಳಿದಾಗ ಮಗನಿಗೆ ಗಾಬರಿ: ನನ್ನನ್ನು ನೋಡಿದರೆ ನಿನಗೆ ನೆನಪಾಗುವುದು ಅಪಘಾತವೇ? ಇಲ್ಲ, ಆಮೇಲೆ ಬಂದದ್ದೆಲ್ಲ ಎನ್ನುತ್ತಾನೆ ಅಪ್ಪ. ಸ್ವಲ್ಪ ಕಾಲದಲ್ಲೇ ಅವನು ದೂರದ ಊರಿನಲ್ಲಿ ಒಬ್ಬನೇ ಸಾಯುತ್ತಾನೆ. ಮಗ ತಲೆ ಬೋಳಿಸಿಕೊಂಡು ಬರುತ್ತಾನೆ, ಯಾರೂ ಹೇಳಿಕೊಟ್ಟದ್ದಲ್ಲ.

ಬಾಗಿಲ ಬಳಿ ಬೂಟು, ಪುಸ್ತಕದಲ್ಲಿ ಕೋಟು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕತೆ ಬಲ್ಲವರು ಇಲ್ಲಿ ಬೆಚ್ಚುತ್ತಾರೆ. ಒಬ್ಬ ಹೆಂಗಸಿಗೆ ಒಂದು ಕತೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಹಾರಿ, ಕತೆ ಗಂಡಸಿನ ಬೂಟಾಗಿ ಬಾಗಿಲಲ್ಲಿ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡನಿಗೆ ಸಂಶಯ, ಜಗಳ. ಅವನು ಮುನಿಸಿಕೊಂಡು ಹನುಮಂತನ ಗುಡಿಯಲ್ಲಿ ಮಲಗಿದಾಗ, ರಾತ್ರಿ ಅಲ್ಲಿ ಸೇರುವ ಊರ ದೀಪಗಳ ಹರಟೆಯಿಂದ ನಿಜ ತಿಳಿಯುತ್ತದೆ. ಬೆಳಗ್ಗೆ ಬಂದು ಆ ಕತೆ ಯಾವುದು ಎಂದು ಕೇಳಿದರೆ ಅವಳಿಗೆ ಮರೆತೇಹೋಗಿತ್ತು. ಲಾಹಿರಿಯವರು ಈ ಕತೆ ಕೇಳಿದ್ದರು ಎಂದು ನಾನು ಹೇಳುತ್ತಿಲ್ಲ. ಹೇಳದ ಕತೆ ಸಂಸಾರಕ್ಕೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಅಜ್ಜಿಯರು ವೀಸಾ ಇಲ್ಲದೆಯೇ ಕಂಡುಕೊಂಡಿದ್ದರು, ಅಷ್ಟೆ.

ಮೈಸೂರಿನಲ್ಲಿ ಹುಟ್ಟಿದ ರಾಮಾನುಜನ್ ಬದುಕಿನ ಅರ್ಧವನ್ನು ಅಮೆರಿಕದಲ್ಲಿ ಕಳೆದವರು. ಅವರಿಂದ ಕೇಳಿದ ಎರಡು ಜನಪದ ಕತೆಗಳನ್ನು ಇಟ್ಟುಕೊಂಡೇ ಗಿರೀಶ ಕಾರ್ನಾಡರು 'ನಾಗಮಂಡಲ' ಬರೆದದ್ದು. 1987-88ರಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಷಿಕಾಗೊದಲ್ಲಿದ್ದ ದಿನಗಳಲ್ಲಿ ರೂಪುಗೊಂಡ ನಾಟಕ ಅದು. ಹೀಗೆ ಷಿಕಾಗೊವರೆಗೆ ಹೋದ ಕನ್ನಡದ ಹಾವು ಅಲ್ಲಿಗೇ ನಿಲ್ಲಲಿಲ್ಲ. ಅಮೃತಸರದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ದೀಪಾ ಮೆಹ್ತಾ 2008ರಲ್ಲಿ 'ಹೆವನ್ ಆನ್ ಅರ್ತ್' ಮಾಡಿದಾಗ ಅದನ್ನು ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ಗೆ ಕರೆದೊಯ್ದರು. ಲುಧಿಯಾನದ ಚಾಂದ್ (ಪ್ರೀತಿ ಜಿಂಟಾ) ಫೋಟೊದಲ್ಲಿ ಕಂಡಿದ್ದ ಗಂಡನ ಮನೆಗೆ ಹಿಮದ ನಾಡಿಗೆ ಬರುತ್ತಾಳೆ. ಇಕ್ಕಟ್ಟಿನ ಮನೆ, ಕಿಕ್ಕಿರಿದ ನೆಂಟರು, ದಣಿದು ಬಂದು ಕಪಾಳಕ್ಕೆ ಬಾರಿಸುವ ಗಂಡ. ಜೊತೆ ದುಡಿಯುವ ಜಮೈಕಾದ ಹೆಂಗಸು ವಶೀಕರಣದ ಬೇರು ಕೊಡುತ್ತಾಳೆ. ನಾಟಕದಲ್ಲಿ ಬೇರು ಕೊಡುವ ನಮ್ಮ ಕುರುಡವ್ವ ಇಲ್ಲಿ ಆ ವೇಷದಲ್ಲಿದ್ದಾಳೆ. ಬೇರಿನ ಮಹಿಮೆ ತಾಗುವುದು ಹಾವಿಗೆ. ಹಾವು ಗಂಡನ ರೂಪದಲ್ಲಿ ಬಂದು, ಗಂಡ ಎಂದೂ ಆಡದ ಮೆದು ಮಾತುಗಳನ್ನಾಡುತ್ತದೆ.

ಸಿನಿಮಾ ಎಲ್ಲ ಕಡೆ ಕೂಡಿಬಂದಿಲ್ಲ. ಕೆನಡಾದ ವಾಸ್ತವವೂ ಹಾವಿನ ಮಾಯೆಯೂ ಅಲ್ಲಲ್ಲಿ ಒಂದಕ್ಕೊಂದು ಬೆನ್ನು ಹಾಕಿ ಕೂರುತ್ತವೆ. ಭಾರತದಲ್ಲಿ 'ವಿದೇಶ್' ಎಂಬ ಹೆಸರಿನಲ್ಲಿ ಬಂದು ಸದ್ದಿಲ್ಲದೆ ಹೋಯಿತು. ಆದರೆ ಕಾರ್ನಾಡರ ನಾಟಕದಲ್ಲಿ ಗಂಡ ಅಪ್ಪಣ್ಣ ರಾಣಿಯನ್ನು ಕೂಡಿಹಾಕಿ ಬೀಗ ಜಡಿದ ಒಂಟಿ ಮನೆಗೆ ಬ್ರ್ಯಾಂಪ್ಟನ್ನಿನಷ್ಟು ಸರಿಯಾದ ವಿಳಾಸ ಇನ್ನೊಂದಿಲ್ಲ. ಊರು ದೂರ, ಭಾಷೆ ಬಾರದು, ಪಾಸ್‌ಪೋರ್ಟು ಗಂಡನ ಮನೆಯವರ ಹತೋಟಿಯಲ್ಲಿ ಎಂಬ ಸ್ಥಿತಿಯ ಹೆಣ್ಣಿಗೆ ಬೀಗವೇ ಬೇಕಿಲ್ಲ.

ಕನ್ನಡ ಸಿನಿಮಾ ಈ ದಾರಿಯಲ್ಲಿ ಎಷ್ಟು ದೂರ ಬಂದಿದೆ? ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕ ಅಮೆರಿಕ' (1997) ನಮ್ಮ ಮೊದಲ ಗಂಭೀರ ಪ್ರಯತ್ನ. ರಾಷ್ಟ್ರಪ್ರಶಸ್ತಿ ಪಡೆದ ಆ ಚಿತ್ರಕ್ಕೆ ಸಂಗೀತ ಕೊಟ್ಟ ಮನೋಮೂರ್ತಿ ಸ್ವತಃ ಅಮೆರಿಕದಲ್ಲಿ ನೆಲೆಸಿದವರು. ಮೂವರು ಬಾಲ್ಯದ ಸ್ನೇಹಿತರಲ್ಲಿ ಒಬ್ಬ ಹೋಗುತ್ತಾನೆ, ಒಬ್ಬ ಇಲ್ಲೇ ಉಳಿಯುತ್ತಾನೆ, ನಡುವೆ ಭೂಮಿಕಾ. ಅದರ ಕಣ್ಣು ಉಳಿದವನ ಕಣ್ಣು. ಹೋದವನು ಏನು ಕಳೆದುಕೊಂಡ ಎಂದು ಇಲ್ಲಿ ನಿಂತು ಲೆಕ್ಕ ಹಾಕುತ್ತದೆ. ಆ ಕಾಲಕ್ಕೆ ಅದು ನ್ಯಾಯವೇ. ಆಮೇಲೆ ಬೆಂಗಳೂರಿನ ಎಷ್ಟು ಮನೆಗಳ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಅಲ್ಲೇ ಮನೆಮಾಡಿದರು! ಅವರ ಮಕ್ಕಳು ಈಗ ಕಾಲೇಜು ಮುಗಿಸುತ್ತಿದ್ದಾರೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ' ಎರಡು ವರ್ಷಕ್ಕೊಮ್ಮೆ ನಡೆಸುವ ಸಮ್ಮೇಳನಗಳಿಗೆ ನಮ್ಮ ನಟರು, ಸಾಹಿತಿಗಳು, ಮಂತ್ರಿಗಳು ಹೋಗಿಬರುತ್ತಾರೆ. ಮನೆಯೊಳಗಿನ ಸಿನಿಮಾ ಮಾತ್ರ ಬಂದಿಲ್ಲ.

ಇವರಿಗೇನು ಇದಿ ಅಮೀನ್ 90 ದಿನ ಗಡುವು ಕೊಟ್ಟಿದ್ದನೇ, ನುಂಗಿಕೊಳ್ಳುವಂಥ ಕತೆ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಒಂದು ಕತೆ ಇದೆ ಎಂದು ನನ್ನ ಗುಮಾನಿ. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಅಂಥದ್ದೇ ಮಸೂದೆಯನ್ನು ಅಲ್ಲಿನ ಗವರ್ನರ್ ತಳ್ಳಿಹಾಕಿದರು. ಎರಡೂ ಕಡೆ ಭಾರತೀಯರು ಭಾರತೀಯರ ಎದುರು ನಿಂತು ವಾದಿಸಿದರು. ನಾಯರ್ ಬಣ್ಣದ ಬಗ್ಗೆ ಬಾಯಿಬಿಟ್ಟರು, ಚಡ್ಡಾ ಪೇಟದ ಬಗ್ಗೆ, ಮೆಹ್ತಾ ಹೊಡೆತದ ಬಗ್ಗೆ. ಪರದೇಶದ ಮನೆಗಳ ಕತೆ ಹೇಳುವ ನಮ್ಮ ಸಿನಿಮಾ ಜಾತಿಯ ಹೊಸ್ತಿಲಲ್ಲಿ ಬಹುಮಟ್ಟಿಗೆ ತಡವರಿಸಿ ನಿಂತಿದೆ. ಸಹೋದ್ಯೋಗಿ ಅಡ್ಡಹೆಸರು ಕೇಳಿದಾಗ ಒಂದು ಕ್ಷಣ ತಡೆದು ಉತ್ತರಿಸುವ ಅಪ್ಪ, ಆ ಕ್ಷಣ ಏಕೆ ಎಂದು ಗೊತ್ತಿಲ್ಲದ ಮಗಳು: ಇಷ್ಟು ಸಾಕು ಒಂದು ಸಿನಿಮಾಕ್ಕೆ.

ಅದನ್ನು ಬೆಂಗಳೂರಿನಿಂದ ಹೋಗಿ ಶೂಟಿಂಗ್ ಮಾಡಿ ಬರುವವರು ಮಾಡಲಾರರು. ಅಲ್ಲೇ ಹುಟ್ಟಿದ ಯಾರೋ ಹುಡುಗಿ ಮಾಡಬೇಕು. ಅವಳು ಮಾಡಿದರೆ ಅದು ಇಂಗ್ಲಿಷಿನಲ್ಲಿರುತ್ತದೆ, ನಡುನಡುವೆ ಅವಳ ಅಜ್ಜಿ ಫೋನಿನಲ್ಲಿ ಆಡುವ ನಾಲ್ಕು ಕನ್ನಡ ಮಾತು ಬಿಟ್ಟರೆ. ಅಂಥ ಸಿನಿಮಾವನ್ನು ಅಕ್ಕ ಸಮ್ಮೇಳನದ ಮುಖ್ಯ ಸಭಾಂಗಣದಲ್ಲಿ ತೋರಿಸುತ್ತಾರೋ, ಊಟದ ಹೊತ್ತಿಗೆ ಯಾವುದೋ ಮೂಲೆಯ ಕೋಣೆಗೆ ಹಾಕುತ್ತಾರೋ ಎಂಬ ಕುತೂಹಲ ನನಗಿದೆ.